ಪಟ್ಟಿ ಎತ್ತುವ ಹುಡುಗರಿಗೆ ಒಂದು ಮಾತು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಕೆಲವರು ಜಾತ್ರಾ ಕಮಿಟಿಯಲ್ಲಿದ್ದೀರಿ, ಕೆಲವರು ಭಜನಾ ಮಂಡಳಿ ನಡೆಸುತ್ತೀರಿ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವರಿದ್ದೀರಿ, ಉರುಸಿಗೆ ಗಂಧದ ಮೆರವಣಿಗೆ ಹೊರಡಿಸುವವರಿದ್ದೀರಿ, ಬುದ್ಧವಿಹಾರದಲ್ಲಿ ವಂದನೆ ಕಲಿಸುವವರಿದ್ದೀರಿ. ಚಿಂಚೋಳಿಯ ತಾಂಡಾಗಳಲ್ಲಿ ಫೆಬ್ರುವರಿ 15ರ ಸೇವಾಲಾಲ್ ಜಯಂತಿಗೆ ವಾರಗಟ್ಟಲೆ ಓಡಾಡುವವರೂ ಇದ್ದೀರಿ. ಹುಡುಗರನ್ನು ದಾರಿಗೆ ಹಚ್ಚಬೇಕು, ಧರ್ಮದ ನೆರಳಿನಲ್ಲಿ ನಾಯಕರನ್ನು ಬೆಳೆಸಬೇಕು ಎಂಬ ಮಾತನ್ನು ನಿಮ್ಮೆಲ್ಲರ ಬಾಯಲ್ಲೂ ಕೇಳುತ್ತೇನೆ. ಸಂತೋಷ. ಆದರೆ ಹುಡುಗರನ್ನು ದಾರಿಗೆ ಹಚ್ಚುವವರು ಕಡಿಮೆ, ತಮ್ಮ ಬೆನ್ನಿಗೆ ಹಚ್ಚಿಕೊಳ್ಳುವವರೇ ಹೆಚ್ಚು. ನನಗೆ ಹೇಳಬೇಕಾದದ್ದೆಲ್ಲ ಇದರ ಬಗ್ಗೆಯೇ.

ಗುರುವಾಗುವುದು ಹೇಗೆಂದು ಕಲಿಯಲು ನೀವು ದೂರದ ಶಿಬಿರಕ್ಕೆ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಕಡಕೋಳದಲ್ಲಿ ತತ್ವಪದಕಾರ ಮಡಿವಾಳಪ್ಪನಿದ್ದ. ಅವನ ಪದಗಳನ್ನು ಇವತ್ತಿಗೂ ಅಮಾವಾಸ್ಯೆಯ ರಾತ್ರಿ ಏಕತಾರಿ ಹಿಡಿದು ಬೆಳತನಕ ಹಾಡುವವರು ನಿಮ್ಮ ಊರುಗಳಲ್ಲಿದ್ದಾರೆ. ಅವನ ಶಿಷ್ಯರು ಯಾರು ಯಾರು, ನೋಡಿ. ಚೆನ್ನೂರಿನ ಜಲಾಲಸಾಹೇಬ ಮುಸಲ್ಮಾನ, ಖೈನೂರಿನ ಕೃಷ್ಣಪ್ಪ ಬ್ರಾಹ್ಮಣ. ಇವರ ಜೊತೆಗೆ ರಾಂಪುರದ ಬಕ್ಕಪ್ಪ, ತೆಲುಗಬಾಳದ ರೇವಪ್ಪ. ಇವರಾರೂ ಗುರುವಿನ ಪದಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿ ಸುಮ್ಮನಾಗಲಿಲ್ಲ, ತಾವೇ ಪದ ಕಟ್ಟಿದರು. ಜಲಾಲಸಾಹೇಬ ಜಲಾಲಸಾಹೇಬನಾಗಿಯೇ ಉಳಿದು ದೊಡ್ಡವನಾದ. ಶಿಷ್ಯನ ಕೊರಳಿನಿಂದ ಶಿಷ್ಯನದೇ ದನಿ ಹೊರಡಿಸಿದ್ದು ಮಡಿವಾಳಪ್ಪನ ಗುರುತನ. ನಿಮ್ಮ ಭಜನಾ ಮಂಡಳಿಯ ಹುಡುಗ ನಿಮ್ಮ ಹಾಗೆಯೇ ಮಾತಾಡಿ, ನಿಮ್ಮ ಹಾಗೆಯೇ ಶಾಲು ಹೊದ್ದು, ನೀವು ಬೈದವರನ್ನೇ ಬೈಯುತ್ತಿದ್ದರೆ ಅವನಿಗೆ ನೀವು ಏನೂ ಕಲಿಸಿಲ್ಲವೆಂದೇ ಲೆಕ್ಕ.

ಓದಿನ ವಿಷಯದಲ್ಲಿ ಈ ನೆಲ ಬಡವಾದದ್ದಲ್ಲ. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. ಅಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಪುಸ್ತಕ ಕಾಯುವುದಕ್ಕೆಂದೇ ಆರು ಜನ ಸರಸ್ವತೀ ಭಂಡಾರಿಗಳಿದ್ದರು ಎಂದು 1058ರ ಶಾಸನ ಹೇಳುತ್ತದೆ. ಆದರೆ ಆ ಬಾಗಿಲು ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ. ನಾಗಾವಿಯ ಹೆಮ್ಮೆಯನ್ನು ಭಾಷಣದಲ್ಲಿ ಹೇಳುವಾಗ ಈ ಮಾತನ್ನೂ ಸೇರಿಸಿ ಹೇಳಿ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾದೇವಿ ಶಾಲೆ ತೆರೆದರು. ಆಗ ಇಲ್ಲಿ ನಿಜಾಮನ ಆಡಳಿತ. ಕನ್ನಡದಲ್ಲಿ ಓದುವುದೇ ಕಷ್ಟವಾಗಿದ್ದಾಗ ಹೆಣ್ಣುಮಗು ಓದುವುದನ್ನು ಕೇಳುವವರಾರು? ದಾಸೋಹದ ಮಠವೊಂದು ಅನ್ನದ ಜೊತೆ ಅಕ್ಷರವನ್ನೂ ಬಡಿಸಲು ಹೊರಟಿತು. ಧರ್ಮದ ಹೆಸರಿನಲ್ಲಿ ಮುಂದಾಳ್ತನ ಎಂದರೆ ನನಗೆ ಮೊದಲು ನೆನಪಾಗುವುದು ಈ ಶಾಲೆ.

ಮುಂದಾಳು ಎನಿಸಿಕೊಳ್ಳುವ ಮೊದಲು ಕೈಗೆ ಕೆಲಸ ಹಚ್ಚಿಕೊಳ್ಳಿ. ಗಾಂಧೀಜಿ 1910ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದರು. ಜಾಗ ಕೊಟ್ಟವರು ಹರ್ಮನ್ ಕಾಲೆನ್‌ಬಾಕ್ ಎಂಬ ಯಹೂದಿ ಗೆಳೆಯ. ಅಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಮನೆಗಳ ಮಕ್ಕಳು ಒಟ್ಟಿಗೇ ಬೆಳೆದರು. ಶಿಕ್ಷಕ ತಾನು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು ಎಂಬುದು ಅಲ್ಲಿನ ಕಟ್ಟಳೆ. ಗುಂಡಿ ತೋಡುವುದಿರಲಿ, ಮರ ಕಡಿಯುವುದಿರಲಿ, ಮಕ್ಕಳ ಜೊತೆ ಒಬ್ಬ ಶಿಕ್ಷಕ ಇರಲೇಬೇಕಿತ್ತು. ರಂಜಾನ್ ಬಂದಾಗ ಮುಸ್ಲಿಂ ಹುಡುಗರು ಉಪವಾಸ ಹಿಡಿದರೆ ಉಳಿದ ಮಕ್ಕಳೂ ಅವರ ಜೊತೆ ಉಪವಾಸವಿರಲು ಒಪ್ಪಿದರು. ಯಾರೂ ಯಾರ ಧರ್ಮಕ್ಕೂ ಸೇರಲಿಲ್ಲ, ಹಸಿವೆಯಲ್ಲಿ ಜೊತೆಗಿದ್ದರು. ನಮ್ಮ ಕಡೆ ಮೊಹರಂನಲ್ಲಿ ಪೀರಲ ದೇವರ ಮುಂದೆ ಎಲ್ಲ ಜಾತಿಯವರೂ ಅಲಾಯಿ ಕುಣಿಯುತ್ತಾರಲ್ಲ, ಅದನ್ನು ಕಂಡ ನಿಮಗೆ ಈ ಫಾರ್ಮಿನ ಕಥೆ ವಿಚಿತ್ರವೆನಿಸಲಾರದು. ಶಿಕ್ಷಕನಿಗಿದ್ದ ಆ ಕಟ್ಟಳೆ ನಿಮಗೂ ಇರಲಿ. ಪ್ರಸಾದದ ಪಂಕ್ತಿಯಲ್ಲಿ ಎಂಜಲೆಲೆ ಎತ್ತುವ ಕೆಲಸ ಯಾವಾಗಲೂ ಒಂದೇ ಓಣಿಯ ಹುಡುಗರ ಪಾಲಿಗೆ ಬರುತ್ತಿದ್ದರೆ, ಆ ಕೆಲಸಕ್ಕೆ ಮೊದಲು ಕಮಿಟಿಯ ಅಧ್ಯಕ್ಷ ಬಗ್ಗಲಿ. ಕಾಯಕದ ಬಗ್ಗೆ ಮೈಕಿನಲ್ಲಿ ಮಾತಾಡುವುದು ಆಮೇಲೆ.

ಇನ್ನು ದುಡ್ಡು. ಇದನ್ನು ಮುಚ್ಚಿಡುವ ಹಿರಿಯರೇ ಹೆಚ್ಚು, ಅದಕ್ಕೇ ನಾನು ಬಿಚ್ಚಿ ಹೇಳುತ್ತೇನೆ. ಜಾತ್ರೆ ಹತ್ತಿರ ಬಂದರೆ ನೀವು ಪಟ್ಟಿ ಎತ್ತುತ್ತೀರಿ. ಸಿಮೆಂಟು ಕಾರ್ಖಾನೆಯ ಗುತ್ತಿಗೆದಾರ ದೊಡ್ಡ ಮೊತ್ತ ಬರೆಸುತ್ತಾನೆ. ಪರ್ಸಿ ಕಲ್ಲಿನ ಪಾಲಿಶ್ ಮಿಷನ್ನಿನಲ್ಲಿ ದಿನವಿಡೀ ಧೂಳು ಕುಡಿದವನು ನೂರು ರೂಪಾಯಿ ಕೊಡುತ್ತಾನೆ. ಚೀಟಿ ಕೊಡಲು ನಿಮಗೆ ನೆನಪಾಗುವುದು ಮೊದಲಿನವನಿಗೆ ಮಾತ್ರ. ಇಬ್ಬರಿಗೂ ಚೀಟಿ ಕೊಡಿ. ಕಮಿಟಿಯ ನೋಟುಪುಸ್ತಕ ಎದುರಿಗಿಟ್ಟುಕೊಂಡು ನೋಡಿ: ಜಮಾ ಬದಿಯಲ್ಲಿ ಪ್ರತಿ ಹೆಸರೂ ನೀಟಾಗಿರುತ್ತದೆ, ಖರ್ಚಿನ ಬದಿಯಲ್ಲಿ ಪೆಂಡಾಲು, ಮೈಕ್, ಅಡುಗೆಯವನು, ಆಮೇಲೆ ‘ಇತರೆ’ ಎಂದೊಂದು ಸಾಲು. ಆ ‘ಇತರೆ’ಯೇ ಪ್ರತಿ ವರ್ಷ ಬೆಳೆಯುತ್ತಾ ಹೋಗುತ್ತದೆ. ನಿಮ್ಮ ಕೆಳಗಿನ ಹುಡುಗ ಅದನ್ನು ನೋಡುತ್ತಾನೆ, ಏನೂ ಕೇಳುವುದಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ನಾಳೆ ಪುಸ್ತಕ ಅವನ ಕೈಗೆ ಬಂದಾಗ ಅದೇ ಸಾಲನ್ನು ಬರೆಯುತ್ತಾನೆ. ನೂರು ಪ್ರವಚನಕ್ಕಿಂತ ಈ ಪುಸ್ತಕದಿಂದ ಅವನು ಹೆಚ್ಚು ಕಲಿಯುತ್ತಾನೆ. ಜಾತ್ರೆ ಮುಗಿದ ವಾರದೊಳಗೆ ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ, ಪ್ರಶ್ನೆ ಕೇಳಿದವನ ಮೇಲೆ ಸಿಟ್ಟಾಗಬೇಡಿ.

ಮಾತಿನ ಬಗ್ಗೆಯೂ ಒಂದು ಎಚ್ಚರ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬೆಯ ಆವರಣದಲ್ಲಿ, 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಮೇಲೆ ನೋಡಿದರೆ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರ ಹಾಳಾಗಿದ್ದವು. ಹೇಗೋ ಉಳಿದುಕೊಂಡದ್ದರಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವಿದೆ. ತನ್ನ ಪಂಥವನ್ನು ಹೊಗಳಿಕೊಳ್ಳಲು ಹೋಗಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ತರುತ್ತಾನೆ, ನಾಲಗೆಗೆ ಹಿಡಿತವಿರಲಿ ಎಂಬುದು ಆ ಶಾಸನದ ತಾತ್ಪರ್ಯ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಬುದ್ಧಿಮಾತು ನಿಮ್ಮ ತಾಲ್ಲೂಕಿನ ಕಲ್ಲಿನ ಮೇಲಿದೆ, ನಿಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಾತ್ರ ಇಲ್ಲ. ಪರರ ಪಂಥವನ್ನು ಗೌರವಿಸುವುದಕ್ಕೆ ಇನ್ನೊಂದು ಉದಾಹರಣೆಯೂ ಹತ್ತಿರದಲ್ಲೇ ಇದೆ. ಮಳಖೇಡದ ದೊರೆ ಅಮೋಘವರ್ಷ ನೃಪತುಂಗ ಜೈನ ಗುರು ಜಿನಸೇನರ ಶಿಷ್ಯ. ಆದರೂ ನಾಡಿಗೆ ಬಂದ ಕೇಡು ಕಳೆಯಲೆಂದು ಅವನು ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಬೆರಳು ಕೊಡಿ ಎಂದು ನಾನೇನೂ ಹೇಳುತ್ತಿಲ್ಲ. ಆ ಬೆರಳಿನಿಂದ ಕೆಟ್ಟ ಮೆಸೇಜು ಫಾರ್ವರ್ಡ್ ಮಾಡದಿದ್ದರೆ ಸಾಕು.

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ. ನೂರು ಹುಡುಗರ ಮೆರವಣಿಗೆ ಬಿಡಿ, ಒಬ್ಬ ಹುಡುಗನನ್ನೋ ಒಬ್ಬ ಹುಡುಗಿಯನ್ನೋ ಹಿಡಿದುಕೊಳ್ಳಿ. ಚಿಂಚೋಳಿಯ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ತಾಯಿತಂದೆ ಮುಂಬೈಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ, ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಆ ಮಗು ಮೂರು ದಿನ ಶಾಲೆಗೆ ಬರದಿದ್ದರೆ ನಾಲ್ಕನೆಯ ದಿನ ಮನೆ ಬಾಗಿಲಲ್ಲಿ ನಿಲ್ಲುವವರು ನೀವಾಗಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಇದೆ, ಡಿಪ್ಲೊಮಾ ಇದೆ, ಪಿಯುಸಿ ಇದೆ; ಅರ್ಜಿಯ ಕೊನೆಯ ದಿನ ಯಾವುದು, ಆದಾಯ ಪ್ರಮಾಣಪತ್ರ ನಾಡ ಕಚೇರಿಯಲ್ಲಿ ಹೇಗೆ ಸಿಗುತ್ತದೆ, ಹಾಸ್ಟೆಲ್ ಅರ್ಜಿಗೆ ಏನೇನು ಬೇಕು, ಇದನ್ನೆಲ್ಲ ಅವರಿಗೆ ಹೇಳುವವರಿಲ್ಲ. ಸಂವಿಧಾನಕ್ಕೆ 371(ಜೆ) ಸೇರಿ 2013ರಿಂದ ನಮ್ಮ ಭಾಗದ ಮಕ್ಕಳಿಗೆ ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಬಂದಿದೆ. ಅದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸೀಟು ಸಿಕ್ಕಿ, ಕಾಗದ ಇಲ್ಲದೆ ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಅಳುವ ಮಕ್ಕಳಿದ್ದಾರೆ. ಒಂದು ಮಧ್ಯಾಹ್ನ ಅವರ ಜೊತೆ ಕಚೇರಿಯ ಸರದಿಯಲ್ಲಿ ನಿಲ್ಲಿ. ಅದೂ ಪೂಜೆಯೇ. ‘ಆಶೀರ್ವಾದ ಮಾಡಿದ್ದೇವೆ, ಹೋಗಿ ಬಾ’ ಎಂದು ಕಳಿಸುವುದು ಸುಲಭ. ನಿಮ್ಮಲ್ಲಿ ಅನೇಕರು ಅಷ್ಟಕ್ಕೇ ನಿಲ್ಲುತ್ತೀರಿ.

ಸಹಾಯ ಮಾಡಿದ ಮೇಲೆ ಅದಕ್ಕೆ ಬೆಲೆ ಕೇಳಬೇಡಿ. ನಮ್ಮ ಮಂಡಳಿಗೆ ಬಾ, ನಮ್ಮ ಮತಕ್ಕೆ ಸೇರು, ನಮ್ಮ ಅಭ್ಯರ್ಥಿಯ ಮೆರವಣಿಗೆಗೆ ಬಾ ಎಂಬ ಮಾತು ಬಂತೆಂದರೆ ಅಲ್ಲಿಗೆ ಸೇವೆ ಮುಗಿದು ವ್ಯಾಪಾರ ಶುರುವಾಯಿತು. ಚುನಾವಣೆ ಬಂದಾಗ ನಿಮ್ಮ ಹುಡುಗರನ್ನು ಲಾರಿಗೆ ಹತ್ತಿಸಲು ಬರುವವರು ಬಹಳ ಇರುತ್ತಾರೆ. ಆಗ ಬಾಗಿಲು ಹಾಕಿಕೊಳ್ಳಲು ಗಟ್ಟಿ ಎದೆ ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಸುತ್ತಿ ಬಳಸಿ ಮಾತಾಡುವುದು ಬೇಡ. ಶಿಬಿರ, ಸಪ್ತಾಹ, ಪಾದಯಾತ್ರೆ ಎಲ್ಲೇ ಇರಲಿ, ಹಿರಿಯ ಹೆಂಗಸರಿಲ್ಲದೆ ಹುಡುಗಿಯರನ್ನು ರಾತ್ರಿ ಉಳಿಸಿಕೊಳ್ಳಬೇಡಿ. ಯಾವ ಮಗುವನ್ನೂ, ಗಂಡಾಗಲಿ ಹೆಣ್ಣಾಗಲಿ, ಮುಚ್ಚಿದ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂರಿಸಿ ಬುದ್ಧಿ ಹೇಳಬೇಡಿ. ಮಗು ಬಂದು ನಿಮ್ಮ ಗುರುಗಳ ಬಗ್ಗೆಯೇ ಏನಾದರೂ ಹೇಳಿದರೆ ‘ಸುಮ್ಮನಿರು, ಮಠದ ಮರ್ಯಾದೆ’ ಎಂದು ಬಾಯಿ ಮುಚ್ಚಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 2012ರ ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಮಗುವಿನ ಮೈಗಿಂತ ದೊಡ್ಡ ಮರ್ಯಾದೆ ಯಾವ ಮಠಕ್ಕೂ, ಚರ್ಚಿಗೂ, ದರ್ಗಾಕ್ಕೂ ಇಲ್ಲ.

ಕುರ್ಚಿ ಬಿಡುವುದನ್ನೂ ಕಲಿಯಿರಿ. ಯುವಕ ಮಂಡಳಿಯ ಅಧ್ಯಕ್ಷನ ಮಗ ಕಾಲೇಜಿಗೆ ಬಂದಿರುತ್ತಾನೆ, ಅಪ್ಪ ಇನ್ನೂ ‘ಯುವಕ’ನಾಗಿಯೇ ಇರುತ್ತಾನೆ. ನೀವು ತಯಾರು ಮಾಡಿದ ಹುಡುಗ ನಿಮ್ಮ ತಪ್ಪನ್ನು ಸಭೆಯಲ್ಲಿ ಎತ್ತಿ ಹೇಳಿದ ದಿನ, ಕಮಿಟಿಯ ಕೀಲಿಕೈ ಅವನ ಕೈಗೆ ಕೊಡಲು ಅಡ್ಡಿಯಿಲ್ಲ.

ಈ ವರ್ಷದ ಜಾತ್ರೆ, ಉರುಸು, ಕ್ರಿಸ್ಮಸ್, ಜಯಂತಿ ಯಾವುದೇ ಬರಲಿ, ಇಷ್ಟು ಮಾಡಿ: ಪಟ್ಟಿಯ ದುಡ್ಡಿನಲ್ಲಿ ಒಂದು ಪಾಲು ತೆಗೆದು ನಿಮ್ಮ ಊರಿನ ಇಬ್ಬರು ಮಕ್ಕಳ ಪಿಯುಸಿ ಶುಲ್ಕಕ್ಕೆ ಇಡಿ, ಅದರಲ್ಲಿ ಒಬ್ಬರು ನಿಮ್ಮ ಜಾತಿಯವರೂ ನಿಮ್ಮ ಧರ್ಮದವರೂ ಆಗಿರದಿರಲಿ. ಲೆಕ್ಕವನ್ನು ಕಟ್ಟೆಯ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಂದ ಓದಿಸಿ.