ಅಡಕೆ ಮರದ ತುಂಡು, ಮೂಳೆಯ ಸ್ಕ್ರೂ

ಆಪರೇಷನ್ ಥಿಯೇಟರಿನ ಕೆಲಸ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನ ನಾನು ಮೂಳೆ ತೋರಿಸುವುದಿಲ್ಲ. ಅಡ್ಡಕ್ಕೆ ಕೊಯ್ದ ಅಡಕೆ ಮರದ ತುಂಡೊಂದನ್ನು ಮೇಜಿನ ಮೇಲಿಡುತ್ತೇನೆ. ಮಂಗಳೂರಿನ ತರಗತಿ ಎಂದಮೇಲೆ ಪುತ್ತೂರು, ಬಂಟ್ವಾಳ, ಸುಳ್ಯದ ಕಡೆಯವರು ಇದ್ದೇ ಇರುತ್ತಾರೆ, ಅವರಿಗೆ ವಿವರಿಸಬೇಕಾಗಿಲ್ಲ. ಹೊರಗಿನ ದಬ್ಬೆ ಕತ್ತಿಗೂ ಸುಲಭಕ್ಕೆ ಜಗ್ಗದು, ಒಳಗಿನ ತಿರುಳು ಉಗುರಿಗೇ ಕಿತ್ತುಬರುತ್ತದೆ.

ಮೂಳೆಯಲ್ಲೂ ಹೀಗೇ ಎರಡು ಜಾತಿ. ತೊಡೆ, ಮೊಣಕಾಲಿನ ಕೆಳಗಿನ ಉದ್ದ ಮೂಳೆಗಳ ನಡುಭಾಗ ಗಟ್ಟಿ ಗೋಡೆಯ ಕೊಳವೆ. ಈ ಗೋಡೆಯನ್ನು ಕಾರ್ಟೆಕ್ಸ್ ಎನ್ನುತ್ತಾರೆ. ಮೊಣಕಾಲು, ಸೊಂಟದ ಕೀಲಿನ ಹತ್ತಿರ ಬಂದಂತೆ ಗೋಡೆ ತೆಳುವಾಗಿ, ಒಳಗೆ ಸ್ಪಂಜಿನಂಥ ಮೂಳೆ ತುಂಬಿಕೊಳ್ಳುತ್ತದೆ. ಒಂದೇ ಸ್ಕ್ರೂ ಎರಡಕ್ಕೂ ಒಗ್ಗುವುದಿಲ್ಲ. ಆದ್ದರಿಂದಲೇ ಕಾರ್ಟಿಕಲ್, ಕ್ಯಾನ್ಸಲಸ್ ಎಂಬ ಎರಡು ಹೆಸರು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೆಚ್ಚು ಬಳಕೆಯಲ್ಲಿರುವ ಕಾರ್ಟಿಕಲ್ ಸ್ಕ್ರೂವಿನ ಹೊರ ವ್ಯಾಸ 4.5 ಮಿ.ಮೀ., ಕ್ಯಾನ್ಸಲಸ್‌ನದು 6.5. ದಪ್ಪ ಸ್ಕ್ರೂ, ಹಾಗಾಗಿ ಹೆಚ್ಚು ಗಟ್ಟಿ ಎನ್ನುವಿರಾ? ಮೋಸ ಇರುವುದು ಅಲ್ಲೇ. ಥ್ರೆಡ್ ಬಿಟ್ಟು ನಡುವಿನ ದಿಂಡನ್ನಷ್ಟೇ ಅಳೆದರೆ ಎರಡೂ 3 ಮಿ.ಮೀ. ಸ್ಕ್ರೂ ಮುರಿಯದಂತೆ ಕಾಯುವುದು ಈ ದಿಂಡು. ಅದರ ದಪ್ಪ ಎರಡು ಪಟ್ಟಾದರೆ ತಿರುಚುವಿಕೆಯನ್ನು ತಡೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. ಮೂಳೆಯನ್ನು ಕಚ್ಚಿ ಹಿಡಿಯುವುದು ಥ್ರೆಡ್. ಕ್ಯಾನ್ಸಲಸ್‌ನಲ್ಲಿ ಅದರ ಆಳ 1.75 ಮಿ.ಮೀ., ಕಾರ್ಟಿಕಲ್‌ನಲ್ಲಿ ಬರೀ 0.75. ತಿರುಳಿನಲ್ಲಿ ಹಿಡಿತ ಸಿಗಬೇಕಾದರೆ ಅಗಲವಾಗಿ ಕೈ ಚಾಚಬೇಕಲ್ಲ!

ಇನ್ನು ಥ್ರೆಡ್‌ಗಳ ನಡುವಿನ ಅಂತರ, ಅಂದರೆ ಪಿಚ್. ಕಾರ್ಟಿಕಲ್‌ನದು 1.75, ಕ್ಯಾನ್ಸಲಸ್‌ನದು 2.75 ಮಿ.ಮೀ. ಮೂಳೆಯ ಗೋಡೆ 5 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಮೊದಲನೆಯದರ ಸುಮಾರು ಮೂರು ಸುತ್ತು ಆ ಗೋಡೆಯಲ್ಲಿ ಕೂರುತ್ತದೆ. ಎರಡನೆಯದರದು ಎರಡೂ ಪೂರ್ತಿ ಸಿಗದು.

ಈ ಅಳತೆಗಳೆಲ್ಲ ಎಲ್ಲಿಂದ ಬಂದವು ಎಂದು ಕೇಳಿದರೆ ಮಂಗಳೂರಿಗೆ ಪರಿಚಿತವಾದ ದೇಶದ ಹೆಸರೇ ಹೇಳಬೇಕು. 1834ರಲ್ಲಿ ನಮ್ಮೂರಿಗೆ ಬಾಸೆಲ್ ಮಿಷನ್ ಬಂದದ್ದು, 1865ರಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾದದ್ದು ಗೊತ್ತೇ ಇದೆ. ಅದೇ ಸ್ವಿಟ್ಜರ್ಲೆಂಡಿನಲ್ಲಿ 1958ರಲ್ಲಿ ಮೌರಿಸ್ ಮ್ಯುಲ್ಲರ್ ಮತ್ತು ಸಂಗಡಿಗ ಶಸ್ತ್ರವೈದ್ಯರು ಎಓ ಎಂಬ ಕೂಟ ಕಟ್ಟಿದರು. ಸ್ಕ್ರೂ, ಪ್ಲೇಟು, ಡ್ರಿಲ್ ಎಲ್ಲವೂ ಒಂದಕ್ಕೊಂದು ಹೊಂದುವ ಒಂದೇ ಸೆಟ್ ಆಗಿರಬೇಕು ಎಂಬುದು ಅವರ ಹಟ. (ಈ ಮ್ಯುಲ್ಲರಿಗೂ ಕಂಕನಾಡಿಯ ಫಾದರ್ ಮುಲ್ಲರಿಗೂ ನಂಟಿಲ್ಲ, ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.)

ಈಗ ನಿಧಾನವಾಗಿ ಕೇಳಬೇಕಾದ ಮಾತು. ಮುರಿದ ಎರಡು ತುಂಡುಗಳಲ್ಲೂ ಥ್ರೆಡ್ ಕಚ್ಚಿಕೊಂಡರೆ ನಡುವಿನ ಸಂದು ಹಾಗೇ ಉಳಿಯುತ್ತದೆ, ಎಷ್ಟು ಬಿಗಿದರೂ ಅಷ್ಟೆ. ಅದಕ್ಕೆ ಈಚೆಯ ತುಂಡಿನಲ್ಲಿ 4.5 ಮಿ.ಮೀ. ತೂತು ಕೊರೆಯುತ್ತಾರೆ, ಕಾರ್ಟಿಕಲ್ ಸ್ಕ್ರೂ ಅದರೊಳಗೆ ಸುಮ್ಮನೆ ಜಾರುತ್ತದೆ. ಆಚೆಯ ತುಂಡಿನಲ್ಲಿ 3.2ರ ತೂತು, ಅಲ್ಲಿ ಮಾತ್ರ ಥ್ರೆಡ್ ಕಚ್ಚುತ್ತದೆ. ತಿರುಗಿಸುತ್ತ ಹೋದಂತೆ ತಲೆ ಈಚೆಯದನ್ನು ಒತ್ತುತ್ತದೆ, ಥ್ರೆಡ್ ಆಚೆಯದನ್ನು ಎಳೆದುಕೊಳ್ಳುತ್ತದೆ, ಸಂದು ಮುಚ್ಚುತ್ತದೆ. ಇದನ್ನು ಲ್ಯಾಗ್ ವಿಧಾನ ಎನ್ನುತ್ತಾರೆ. ಯಾವ ಡ್ರಿಲ್ ಬಿಟ್ ಕೈಗೆ ಕೊಡುತ್ತೀರಿ ಎಂಬುದರಲ್ಲಿ ಎಷ್ಟು ವ್ಯತ್ಯಾಸವಿದೆ, ನೋಡಿ.

ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಯಾಕಾಗದು? ಕಡಲಗಾಳಿಗೆ ನಮ್ಮ ಮನೆಯ ಕಿಟಕಿ ಸರಳು ಏನಾಗುತ್ತದೆ ಎಂದು ನೆನೆಯಿರಿ. ದೇಹದೊಳಗಿನ ದ್ರವವೂ ಉಪ್ಪೇ. ಆದ್ದರಿಂದ 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲು ಅಥವಾ ಟೈಟಾನಿಯಂ.

ವಯಸ್ಸಾದ ಅಮ್ಮಂದಿರ ಸವೆದ ಮೂಳೆಯಲ್ಲಿ ಮಾತ್ರ ಎಂಥ ಥ್ರೆಡ್ಡಿಗೂ ಹಿಡಿತ ಕಷ್ಟ. ಅಂಥಲ್ಲಿ ಲಾಕಿಂಗ್ ಸ್ಕ್ರೂ ನೆರವಿಗೆ ಬರುತ್ತದೆ. ಅದರ ತಲೆಗೂ ಥ್ರೆಡ್ ಇರುವುದರಿಂದ ಪ್ಲೇಟಿನ ತೂತಿಗೇ ಕಚ್ಚಿಕೊಂಡು, ಪ್ಲೇಟು-ಸ್ಕ್ರೂಗಳೆಲ್ಲ ಸೇರಿ ಒಂದೇ ಚೌಕಟ್ಟಿನಂತೆ ಭಾರ ಹೊರುತ್ತವೆ.

ಕೊನೆಗೆ ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಅಡಕೆಯ ತಿರುಳಿನಲ್ಲಿ 4.5ರದ್ದೊಂದನ್ನು ಬೇಕೆಂದೇ ಅತಿಯಾಗಿ ಬಿಗಿಸಲು ಹೇಳುತ್ತೇನೆ. ಬಿಗಿ, ಇನ್ನೂ ಬಿಗಿ, ಆಮೇಲೆ ಒಮ್ಮೆಲೇ ಕೈ ಹಗುರ; ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಆ ಹಗುರ ಕೈಗೆ ಒಮ್ಮೆ ಗೊತ್ತಾಗಿರಲಿ ಅಂತ. ‘ಈಗ ಈ ತೂತಿಗೆ ಏನು ಮಾಡುವುದು ಮಾರಾಯ್ರೆ?’ ಎಂದರೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಹಿಂದಿನ ಬೆಂಚಿನಿಂದ ಒಂದು ದನಿ: ‘6.5ರದ್ದು ಹಾಕುವ ಸರ್, ದಿಂಡು ಒಂದೇ ಅಲ್ವಾ?’