ಅರಿವಳಿಕೆಯಿಂದ ಎಚ್ಚರಗೊಳ್ಳುವ ಮಗುವಿನ ಕಳವಳ

ಸುಟ್ಟಗಾಯಕ್ಕೆ ಚರ್ಮದ ಕಸಿ ಮಾಡಿಸಿಕೊಂಡ ಮಗು ಅರಿವಳಿಕೆಯಿಂದ ಎಚ್ಚರಗೊಳ್ಳುವಾಗ ಕೆಲವೊಮ್ಮೆ ಚೀರುತ್ತದೆ, ಕೈಕಾಲು ಬಡಿಯುತ್ತದೆ, ಬಳಿಗೆ ಬಂದ ತಾಯಿಯನ್ನೇ ಗುರುತಿಸದೆ ದೂಡುತ್ತದೆ. ಮಗುವಿನ ಮಿದುಳಿಗೇ ಆಘಾತವಾಯಿತೆಂದು ಹೆತ್ತವರು ಕಂಗೆಡುವುದು ಸಹಜ. ಆದರೆ ಇದು ವೈದ್ಯರಿಗೆ ಬಹುಕಾಲದಿಂದ ಪರಿಚಿತವಾದ ಸ್ಥಿತಿ. 1961ರಷ್ಟು ಹಿಂದೆಯೇ ಅಮೆರಿಕದ ವೈದ್ಯರು ಇದನ್ನು ಕುರಿತು ವಿಸ್ತಾರವಾದ ಅಧ್ಯಯನ ಪ್ರಕಟಿಸಿದ್ದರು.

ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಸೆವೊಫ್ಲುರೇನ್‌ನಂತಹ, ದೇಹದಿಂದ ಬೇಗನೆ ಹೊರಹೋಗುವ ಅನಿಲಗಳನ್ನು ಬಳಸಿದಾಗ ಇದರ ಸಂಭವ ಅಧಿಕ. ನೋವೊಂದೇ ಇದಕ್ಕೆ ಕಾರಣವಲ್ಲ. ಕೇವಲ ಸ್ಕ್ಯಾನ್‌ಗಾಗಿ ಅರಿವಳಿಕೆ ಪಡೆದ ಮಕ್ಕಳಲ್ಲಿಯೂ ಇದು ಕಂಡುಬಂದಿದೆ. ಆದರೆ ಸುಟ್ಟ ಮಗುವಿಗೆ ನೋವೂ ಭಯವೂ ಒಟ್ಟಾಗಿ ಬರುತ್ತವೆ. ಕಸಿಗಾಗಿ ಚರ್ಮ ತೆಗೆದ ಜಾಗವೂ ತೀವ್ರವಾಗಿ ನೋಯುತ್ತದೆ. ಪದೇ ಪದೇ ಡ್ರೆಸ್ಸಿಂಗ್ ಮತ್ತು ಶಸ್ತ್ರಚಿಕಿತ್ಸೆಗೆ ಒಳಗಾದ ಮಗು ಹೆದರಿಕೆಯಿಂದಲೇ ನಿದ್ರೆಗೆ ಜಾರುತ್ತದೆ.

ಚೀರಾಟವೆಲ್ಲ ಈ ಕಳವಳವೇ ಎಂದು ಭಾವಿಸುವುದು ಅಪಾಯಕರ. ಆಮ್ಲಜನಕದ ಕೊರತೆ, ರಕ್ತದಲ್ಲಿ ಸಕ್ಕರೆಯ ಇಳಿತ, ತುಂಬಿದ ಮೂತ್ರಕೋಶ, ಶಮನವಾಗದ ನೋವು ಇವನ್ನು ವೈದ್ಯರು ಮೊದಲು ಪರಿಶೀಲಿಸುತ್ತಾರೆ. 2004ರಲ್ಲಿ ಪ್ರಕಟವಾದ ಒಂದು ಅಳತೆಗೋಲು ಐದು ಅಂಶಗಳನ್ನು ಗಮನಿಸುತ್ತದೆ: ಮಗು ಕಣ್ಣಿಟ್ಟು ನೋಡುವುದೇ, ಅದರ ಚಲನೆಗೆ ಉದ್ದೇಶವಿದೆಯೇ, ಸುತ್ತಲಿನ ಅರಿವಿದೆಯೇ, ಚಡಪಡಿಸುತ್ತಿದೆಯೇ, ಸಂತೈಸಿದರೂ ಸುಮ್ಮನಾಗದೇ? ಒಟ್ಟು 20 ಅಂಕಗಳು. ಅಂಕ ಏರಿದಷ್ಟೂ ಕಳವಳ ತೀವ್ರ.

ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇದು ತಾನಾಗಿಯೇ ಅಡಗುತ್ತದೆ. ಅಷ್ಟರೊಳಗೆ ಮಗು ಹೊರಳಾಡಿ ಹೊಸ ಕಸಿ ಜಾರಬಹುದು, ರಕ್ತನಾಳದ ಸೂಜಿ ಕಿತ್ತುಬರಬಹುದು; ನಿಜವಾದ ನಷ್ಟ ಇಲ್ಲಿಯೇ. ಆದುದರಿಂದ ದಾದಿಯರು ಮಂಚದ ಅಡ್ಡಕಂಬಿಗಳನ್ನೇರಿಸಿ ಕಸಿಯ ಭಾಗವನ್ನು ಕಾಯುತ್ತಾರೆ. ಅಗತ್ಯವಾದರೆ ವೈದ್ಯರು ಪ್ರೊಪೊಫಾಲ್ ಅಥವಾ ಫೆಂಟನಿಲ್ ಕೊಡುತ್ತಾರೆ. ಡೆಕ್ಸ್‌ಮೆಡಿಟೊಮಿಡಿನ್ ಮುಂಜಾಗ್ರತೆಗೂ ಉಪಯುಕ್ತ.

ಹೆತ್ತವರು ಮಾಡಬೇಕಾದುದೇನು? ಹಿಂದೆ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು. ನಡೆಯಲಿರುವುದನ್ನು ಮಗುವಿಗೆ ಸರಳವಾಗಿ, ಸುಳ್ಳಾಡದೆ ಹೇಳಬೇಕು. ಪರಭಾಷೆಯ ನಗರದಲ್ಲಿ ಮಗು ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲುದಾದರೆ, ನೀರು, ನೋವು, ಮೂತ್ರ ಇವಕ್ಕೆ ಅದು ಬಳಸುವ ಮಾತುಗಳನ್ನು ದಾದಿಗೆ ಬರೆದುಕೊಡಬೇಕು. ಎಚ್ಚರಗೊಳ್ಳುವಾಗ ಅದನ್ನು ಅಲುಗಾಡಿಸದೆ, ಗದರದೆ, ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯಬೇಕು. ತುಟಿ ನೀಲಿಯಾದರೆ, ಉಸಿರಾಟ ಕಷ್ಟವಾದರೆ, ಕಳವಳ ಮರುಕಳಿಸಿದರೆ ತಡಮಾಡದೆ ವೈದ್ಯರನ್ನು ಕರೆಯಬೇಕು.

ತಾಯಿಯನ್ನು ದೂಡಿದ ಮಗು ಅವಳನ್ನು ಮರೆತಿಲ್ಲ. ಅದಕ್ಕೆ ಇನ್ನೂ ಪೂರ್ಣ ಎಚ್ಚರವಾಗಿಲ್ಲ, ಅಷ್ಟೆ.