ಮಾವನವರಿಗೆ ಬೈಪ್ಯಾಪ್: ಒಪ್ಪಬೇಕೆ, ಬೇಡವೆ?

ಪ್ರಶ್ನೆ: ನಮ್ಮದು ಕೊಪ್ಪದ ಹತ್ತಿರದ ಹಳ್ಳಿ. ಮಾವನವರು ಬೀಡಿ ಸೇದಿ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ತಂದುಕೊಂಡವರು. ಕಳೆದ ಮಳೆಗಾಲದಲ್ಲಿ ದಮ್ಮು ಜೋರಾಗಿ ಆಸ್ಪತ್ರೆಯಲ್ಲಿ ಬೈಪ್ಯಾಪ್ ಮಾಸ್ಕ್ ಕಟ್ಟಿದರು. ಅವರು ಕಿತ್ತುಹಾಕಲು ಒದ್ದಾಡಿದ್ದು ಕಣ್ಣಿಗೆ ಕಟ್ಟಿದಂತಿದೆ. ವೆಂಟಿಲೇಟರ್‌ಗೆ ಹೋದವರು ವಾಪಸ್ ಬರುವುದಿಲ್ಲ ಅಂತಾರೆ ನೆಂಟರು. ಮತ್ತೆ ಹಾಗಾದರೆ ಒಪ್ಪಬೇಕೆ?

ಉತ್ತರ: ಖಂಡಿತ ಒಪ್ಪಿ, ತಾಯಿ. ನೆಂಟರು ಹೇಳುವುದು ಗಂಟಲಿಗೆ ನಳಿಗೆ ಇಳಿಸುವ ವೆಂಟಿಲೇಟರ್ ವಿಷಯ. ಅದೂ ಎಷ್ಟೋ ಜನರನ್ನು ಉಳಿಸಿದೆ. ಬೈಪ್ಯಾಪ್ ಇರುವುದೇ ಆ ನಳಿಗೆಯನ್ನು ತಪ್ಪಿಸಲು. ಸಿಒಪಿಡಿ ಉಲ್ಬಣಿಸಿದಾಗ ಉಸಿರಾಟದ ಸ್ನಾಯುಗಳು ಸೋಲುತ್ತವೆ, ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿದು ಮಂಪರು ಕವಿಯುತ್ತದೆ. ಯಂತ್ರ ಗಾಳಿಯನ್ನು ಒತ್ತಿ ಕೊಟ್ಟು ಆ ದುಡಿಮೆಯಲ್ಲಿ ಪಾಲು ಹೊರುತ್ತದೆ. 1995ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 74 ಮಂದಿಗೆ ನಳಿಗೆ ಬೇಕಾಯಿತು, ಮಾಸ್ಕ್ ಹಾಕಿಸಿಕೊಂಡವರಲ್ಲಿ ಶೇ. 26 ಮಂದಿಗೆ ಮಾತ್ರ. ಸಾವೂ ಶೇ. 29ರಿಂದ 9ಕ್ಕೆ ಇಳಿದಿತ್ತು.

ಒದ್ದಾಟ ಶುರುವಿನಲ್ಲೇ ಹೆಚ್ಚು. ಆಗ ನೀವು ಪಕ್ಕದಲ್ಲಿರಿ, ಕೈ ಹಿಡಿದು ಮಾತಾಡಿಸಿ. ಪಟ್ಟಿ ಬಿಗಿಯುವ ಮೊದಲು ಮಾಸ್ಕನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿಯಲು ನರ್ಸ್‌ಗೆ ಹೇಳಿ. ಚುಚ್ಚಿದರೆ ಬೇರೆ ಅಳತೆಯದು ಕೇಳಿ. ನೀವಾಗಿ ಮಾತ್ರ ಬಿಚ್ಚಬೇಡಿ.

ಒಂದೆರಡು ಗಂಟೆಯಾದ ಮೇಲೆ ರಕ್ತದ ಗ್ಯಾಸ್ ಪರೀಕ್ಷೆ ಏನು ಹೇಳಿತು ಎಂದು ವೈದ್ಯರನ್ನು ವಿಚಾರಿಸಿ. ಸುಧಾರಿಸಿಲ್ಲ, ಮಂಪರು ಹೆಚ್ಚುತ್ತಿದೆ, ವಾಂತಿಯಾಗುತ್ತಿದೆ, ಕಫ ಕೆಮ್ಮಿ ತೆಗೆಯಲು ಆಗುತ್ತಿಲ್ಲ ಎಂದಾದರೆ ಮಾಸ್ಕನ್ನೇ ನೆಚ್ಚಿ ಕೂರಬಾರದು. ಆಗ ವೈದ್ಯರು ನಳಿಗೆ ಎಂದರೆ ಹೂಂ ಅನ್ನಿ. ತಡವೇ ಹೆಚ್ಚು ಅಪಾಯ. ನ್ಯುಮೋನಿಯಾ, ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ವೈಫಲ್ಯ) ಇದ್ದರೆ ಮಾಸ್ಕ್ ಸೋಲುವುದು ಇನ್ನೂ ಹೆಚ್ಚು.

ನನಗೆ ಇದಕ್ಕಿಂತ ಕಾಡುವುದು ದೊಡ್ಡ ಆಸ್ಪತ್ರೆಗೆ ಹೋಗುವ ದಾರಿ. ಶೃಂಗೇರಿಯಿಂದ ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಬೇಕು, ನರಸಿಂಹರಾಜಪುರದವರು ಶಿವಮೊಗ್ಗಕ್ಕೆ ಹೋಗಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದರೆ ಆ ದಾರಿಯೂ ಇಲ್ಲ. ಆದ್ದರಿಂದ ಬೈಪ್ಯಾಪ್ ಮತ್ತು ಗ್ಯಾಸ್ ಪರೀಕ್ಷೆ ಹತ್ತಿರದಲ್ಲಿ ಎಲ್ಲಿದೆ ಎಂದು ಮಳೆಗೆ ಮುಂಚೆ, ಈಗಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು, ತುಟಿ ನೀಲಿ, ಹಗಲಲ್ಲೇ ತೂಕಡಿಕೆ, ತಪ್ಪು ತಪ್ಪು ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಆಕ್ಸಿಜನ್ ಇದ್ದರೆ ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 99 ಬರಲಿ ಎಂದು ತಿರುಗಿಸಿ ಹೆಚ್ಚಿಸಬೇಡಿ. ಇಂಥವರಿಗೆ ಸಾಮಾನ್ಯವಾಗಿ 88ರಿಂದ 92 ಸಾಕು. ಜಾಸ್ತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ನಿಮ್ಮ ವೈದ್ಯರಿಂದ ಈ ಮಿತಿಯನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡು, ಆಂಬುಲೆನ್ಸ್‌ನವರಿಗೆ ಮೊದಲು ಅದನ್ನೇ ತೋರಿಸಿ.